ಸುಖಾಗಮನ ಬಯಸುವವರು

ನಮ್ಮಪ್ಪ ಲಷ್ಕರ್ ಮೊಹಲ್ಲಾದಲ್ಲಿ ಮದುವೆ ಕಾರ್ಡು ಮಾರುತ್ತಿದ್ದರು. ಆದರೆ ಅಂಗಡಿಗೆ ಬಂದವರಿಗೆಲ್ಲ ಅವರು ಹೇಳುತ್ತಿದ್ದ ಮಾತು ವ್ಯಾಪಾರಕ್ಕೆ ಒಗ್ಗುವಂಥದ್ದಲ್ಲ. "ಕಾರ್ಡು ಕೊಟ್ಬುಟ್ರೆ ಕರೆದಂಗಾಗಲ್ಲ ಕಣ್ರೀ. ಕಾರ್ಡು ತಾರೀಕು ನೆನಪಿರ್ಲಿ ಅಂತ. ಕರೆಯೋದು ಮನೆಗೆ ಹೋಗಿ, ಬಾಯಲ್ಲಿ." ಇದನ್ನು ಕೇಳಿದ ಗಿರಾಕಿಗಳು ಹೌದಲ್ಲ ಅಂದುಕೊಂಡು ನೂರು ಕಾರ್ಡು ಕಡಿಮೆ ಮಾಡಿಸುತ್ತಿದ್ದರು. ಏಕಾಂತಯ್ಯನವರ ಹಿರಿಮಗಳಾಗಿ ಹುಟ್ಟಿದ್ದಕ್ಕೇ ನನಗೆ ಇಷ್ಟು ಬೇಗ ಸಿಟ್ಟು ಬರುವುದು ಅಂತ ನನ್ನ ಗಂಡ ಹೇಳುತ್ತಾರೆ. ಇದ್ದರೂ ಇರಬಹುದು.

ಆ ಕಾರ್ಡುಗಳು ಅಚ್ಚಾಗುತ್ತಿದ್ದುದು ನಂಜನಗೂಡು ರಸ್ತೆಯ ಕಡಕೊಳದಲ್ಲಿ, ನಮ್ಮ ದೊಡ್ಡಪ್ಪ ಶಿವಮಲ್ಲಪ್ಪನವರ ಪ್ರೆಸ್ಸಿನಲ್ಲಿ. ತಾತನ ಕಾಲದಲ್ಲಿ ಅಂಗಡಿ, ಪ್ರೆಸ್ಸು ಎರಡೂ ಲಷ್ಕರ್ ಮೊಹಲ್ಲಾದ ಒಂದೇ ಮನೆಯಲ್ಲಿದ್ದವು. ಕೆಳಗೆ ಕಾಲಲ್ಲಿ ತುಳಿಯುವ ಮೆಷಿನ್ನು, ಮೇಲೆ ನಾವೆಲ್ಲ. ದೊಡ್ಡ ಮೆಷಿನ್ನು ಬಂದ ಮೇಲೆ ಪ್ರೆಸ್ಸು ಕಡಕೊಳಕ್ಕೆ ಹೋಯಿತು, ದೊಡ್ಡಪ್ಪನ ಸಂಸಾರವೂ ಅದರ ಹಿಂದೆಯೇ ಹೋಯಿತು. ಅಂಗಡಿ, ಮೇಲಿನ ಮನೆ ಅಪ್ಪನಿಗೆ ಉಳಿದವು.

ನಾನು ಹೇಳುತ್ತಿರುವುದು ಎರಡು ಸಾವಿರದ ಒಂಬತ್ತನೇ ಇಸವಿಯ ಮಾತು. ಅಷ್ಟೊತ್ತಿಗೆ ಅಣ್ಣತಮ್ಮಂದಿರು ಮಾತು ಬಿಟ್ಟು ಮೂರು ವರ್ಷವಾಗಿತ್ತು. ವ್ಯವಹಾರ ಮಾತ್ರ ನಿಂತಿರಲಿಲ್ಲ. ಅಪ್ಪ ಆರ್ಡರನ್ನು ನನಗೆ ಹೇಳುವುದು, ನಾನು ಕುವೆಂಪುನಗರದ ನನ್ನ ಆಫೀಸಿನಿಂದ ದೊಡ್ಡಪ್ಪನ ಮಗ ಗುರುಕಿರಣನಿಗೆ ಫೋನ್ ಮಾಡುವುದು, ಅವನು ಅವರಪ್ಪನಿಗೆ ಹೇಳುವುದು. ಶಾಲೆಗಳಿಗೆ, ನರ್ಸಿಂಗ್ ಹೋಮುಗಳಿಗೆ ವೆಬ್‌ಸೈಟು ಮಾಡಿಕೊಡುವ ಕೆಲಸ ನನ್ನದು. ಅದರ ನಡುವೆ ಯಾರದೋ ಮದುವೆಯ ಹೆಣ್ಣು ಗಂಡಿನ ಹೆಸರನ್ನು ಫೋನಿನಲ್ಲಿ ಒಂದೊಂದೇ ಅಕ್ಷರ ಕೂಗಿ ಹೇಳುತ್ತ ಕೂತಿರುತ್ತಿದ್ದೆ.

ಮಾತು ಬಿಟ್ಟಿದ್ದು ಯಾಕೆ ಅಂದರೆ, ಗುರುಕಿರಣನ ಮದುವೆಗೆ ದೊಡ್ಡಪ್ಪ, ದೊಡ್ಡಮ್ಮ ಅರಿಶಿನ ಕುಂಕುಮ ಹಿಡಿದು ಇಡೀ ಮೈಸೂರನ್ನು ಕರೆದು ಬಂದರು. ನಮ್ಮ ಮನೆಗೆ ಮಾತ್ರ ಬರಲಿಲ್ಲ. ಕಾರ್ಡು ಬಂತು, ಅದೂ ಅಂಗಡಿಗೆ ಮಾಲು ತರುವ ವ್ಯಾನಿನಲ್ಲಿ, ಬೇರೆ ಬಂಡಲುಗಳ ಜೊತೆ. ಅಪ್ಪ ದಿನವೂ ಬೆಳಿಗ್ಗೆ ಸ್ನಾನ ಮಾಡಿ ವಿಭೂತಿ ಹಚ್ಚಿ ಒಗೆದ ಅಂಗಿ ಹಾಕಿಕೊಂಡು ಕಾದರು. ಮುಹೂರ್ತದ ದಿನವೂ ಹಾಗೇ ಕಾದು, ಆಮೇಲೆ ಅಂಗಡಿ ಬಾಗಿಲು ತೆಗೆದು ಕೂತರು. ಅಮ್ಮ, ನಾನು ಯಾರೂ ಹೋಗಲಿಲ್ಲ. ನನ್ನ ತಂಗಿ ಲಾಸ್ಯ ಒಬ್ಬಳು ಅತ್ತು ಕರೆದು ಹೋಗಿ ಬಂದಳು. ಅವಳು ಅಂಬೆಗಾಲಿಟ್ಟಿದ್ದೇ ದೊಡ್ಡಪ್ಪನ ಮೇಜಿನ ಕೆಳಗೆ, ಕಾಗದದ ಚೂರುಗಳ ನಡುವೆ.

ದೊಡ್ಡಪ್ಪನ ವಾದ ಏನೆಂದು ಗುರುಕಿರಣ ಆಮೇಲೆ ಹೇಳಿದ. "ತಮ್ಮನನ್ನ ಯಾರಾದ್ರೂ ಕರೀತಾರಾ? ಅವನು ಮನೆಯವನು. ಬಂದು ಚಪ್ಪರ ಹಾಕಿಸ್ಬೇಕಾದೋನು." ಅಪ್ಪನ ವಾದ ನಿಮಗೆ ಗೊತ್ತೇ ಇದೆ. ಇಬ್ಬರದೂ ಸರಿ ಅಂತ ನನಗೆ ಅನ್ನಿಸುತ್ತಿತ್ತು, ಅದಕ್ಕೇ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು.

ಈಗ ಲಾಸ್ಯಳ ಮದುವೆ ಗೊತ್ತಾಗಿತ್ತು, ಕಾರ್ತಿಕದಲ್ಲಿ. ಅವಳು ಜಗಳ ಮಾಡುವವಳಲ್ಲ. ಒಂದು ಸಂಜೆ ನನ್ನ ಆಫೀಸಿಗೆ ಬಂದು, "ದೊಡ್ಡಪ್ಪ ಇಲ್ದೇ ನಾನು ಮಂಟಪಕ್ಕೆ ಹೆಂಗಕ್ಕ ಹೋಗ್ಲಿ?" ಅಂದಳು. ಅಪ್ಪನನ್ನು ಕೇಳಿದ್ದಾಗಿತ್ತು. "ನನ್ನನ್ನ ಕರೀದಿದ್ದೋರ ಮನೆ ಬಾಗಿಲಿಗೆ ನಾನು ಹೋಗಲ್ಲ" ಅಂದಿದ್ದರು.

ಅದೇ ದಿನಗಳಲ್ಲಿ ನಾನು ಈ ಕೂಗಿ ಹೇಳುವ ಕೆಲಸ ಸಾಕು ಅಂತ ಅಂಗಡಿಗೊಂದು ವೆಬ್‌ಸೈಟು ಮಾಡಿದ್ದೆ. ಗಿರಾಕಿ ಅಂಗಡಿಯಲ್ಲೇ ಕೂತು ಪರದೆಯ ಮೇಲೆ ಕಾರ್ಡು ಆರಿಸಬೇಕು, ಹೆಸರುಗಳನ್ನು ಟೈಪು ಮಾಡಿಸಬೇಕು, ಆರ್ಡರು ನೇರ ಕಡಕೊಳಕ್ಕೆ ಹೋಗಬೇಕು. ಕಾರ್ಡುಗಳ ಪಟ್ಟಿ, ದಾಸ್ತಾನು ಎಲ್ಲ ಪ್ರೆಸ್ಸಿನ ಸರ್ವರಿನಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ಗುರುಕಿರಣ. ಅಂಗಡಿಯ ಪುಟ ಒಂದು ವೆಬ್ ವಿಳಾಸದ್ದು, ಸರ್ವರು ಇನ್ನೊಂದು ವಿಳಾಸದ್ದು. ಪುಟ ತೆರೆದರೆ ಅಪ್ಪನ ಅಂಗಡಿಯ ಹೆಸರು ಬಂತು, ಅದರ ಕೆಳಗೆ ಬಿಳಿ ಜಾಗ.

ಅಪ್ಪ ಹಿಂದೆ ನಿಂತು ಕಾಫಿ ಕುಡಿಯುತ್ತಿದ್ದರು. "ಏನಂತೆ?"

"ಕಡಕೊಳದ ಸರ್ವರ್ ಒಪ್ಪಿಗೆ ಕೊಟ್ಟಿಲ್ವಂತೆ."

"ಹೊಸದೇನಲ್ಲ ಬುಡು" ಅಂದರು ಅಪ್ಪ.

ಬ್ರೌಸರಿಗೆ ಒಂದು ಕಟ್ಟುನಿಟ್ಟು ಇದೆ. ಒಂದು ವಿಳಾಸದ ಪುಟ ಬೇರೆ ವಿಳಾಸದ ಸರ್ವರಿನಿಂದ ಮಾಹಿತಿ ಓದಬೇಕಾದರೆ, ಆ ಸರ್ವರು ತನ್ನ ಉತ್ತರದ ಮೇಲ್ಗಡೆ 'ಇವರು ಓದಬಹುದು' ಅಂತ ಒಂದು ಸಾಲು ಸೇರಿಸಿ ಕಳಿಸಬೇಕು. ಅಂಥ ಸಾಲಿಗೆ ಹೆಡರ್ ಅನ್ನುತ್ತಾರೆ. ಆ ಸಾಲಿಲ್ಲದಿದ್ದರೆ ಉತ್ತರ ಬಂದರೂ ಬ್ರೌಸರು ಅದನ್ನು ಪುಟದ ಕೈಗೆ ಕೊಡುವುದಿಲ್ಲ. ಆಗಷ್ಟೇ ಬಂದಿದ್ದ ಹೊಸ ಫೈರ್‌ಫಾಕ್ಸಿಗೆ ಈ ಪದ್ಧತಿ ಗೊತ್ತಿತ್ತು, ಅದಕ್ಕೇ ಅಂಗಡಿಯಲ್ಲಿ ಅದನ್ನೇ ಹಾಕಿಸಿದ್ದೆ. ಬೇರೆ ಸುತ್ತುದಾರಿಗಳೂ ಇದ್ದವು. ಆದರೆ ಮೂರು ವರ್ಷದಿಂದ ಸುತ್ತುದಾರಿಯಲ್ಲೇ ಓಡಾಡಿ ನನಗೆ ಸಾಕಾಗಿತ್ತು.

ಗುರುಕಿರಣನಿಗೆ ಫೋನ್ ಮಾಡಿದೆ. "ಸರ್ವರ್ ಸೆಟ್ಟಿಂಗಲ್ಲಿ ಒಂದು ಸಾಲು ಸೇರಿಸು ಕಣೋ, ಒಂದು ನಿಮಿಷದ ಕೆಲಸ."

"ಸೇರಿಸ್ತೀನಿ ಅಕ್ಕ. ಅಪ್ಪನ ಸಹಿ ಆಗ್ಲಿ."

"ಸರ್ವರ್ ಸೆಟ್ಟಿಂಗಿಗೂ ಸಹೀನಾ?"

"ಎಲ್ಲಕ್ಕೂ" ಅಂದ, ಪಾಪ.

ಪ್ರೆಸ್ಸಿನ ಪದ್ಧತಿ ಅದು. ದೊಡ್ಡಪ್ಪ ಪ್ರೂಫಿನ ಮೇಲೆ ಬೆರಳಿಟ್ಟು, ಪ್ರತಿ ಹೆಸರನ್ನೂ ಗಟ್ಟಿಯಾಗಿ ಓದಿ, ಕೆಳಗೆ ಸಹಿ ಮಾಡದೆ ಅಲ್ಲಿಂದ ಏನೂ ಹೊರಗೆ ಬರುವಂತಿರಲಿಲ್ಲ. ಅಚ್ಚಾಗಿದ್ದು ಸುಳ್ಳಾಗಬಾರದು ಅನ್ನುವುದು ಅವರ ಒಂದೇ ನಿಯಮ. ಕಂಪ್ಯೂಟರು ಬಂದ ಮೇಲೂ ಅದು ಬದಲಾಗಲಿಲ್ಲ. ಗುರುಕಿರಣ ಸೆಟ್ಟಿಂಗಿನ ಫೈಲನ್ನು ಪ್ರಿಂಟು ತೆಗೆದು ಅವರ ಮೇಜಿನ ಮೇಲಿಡುತ್ತಿದ್ದ, ಅವರು ಅರ್ಥ ಕೇಳಿ ಸಹಿ ಮಾಡುತ್ತಿದ್ದರು.

ಮಧ್ಯಾಹ್ನಕ್ಕೆ ಸಾಲು ಬಂತು. ವಿಳಾಸ ಇರಬೇಕಾದ ಕಡೆ ಒಂದು ನಕ್ಷತ್ರದ ಗುರುತು. ಹಾಗೆಂದರೆ ಯಾರು ಬೇಕಾದರೂ ಓದಬಹುದು ಅಂತ. ಬಿಳಿ ಜಾಗ ಇದ್ದಲ್ಲಿ ಕಾರ್ಡುಗಳ ಪಟ್ಟಿ ಸಾಲಾಗಿ ಬಂದು ಕೂತಿತು. ಅಪ್ಪ ಕನ್ನಡಕ ಸರಿಮಾಡಿಕೊಂಡು, ಮುಚ್ಚಿಡಲಾಗದ ಸಂತೋಷದಲ್ಲಿ, "ಗಣಪತಿ ಇರೋದು ಚೆನ್ನಾಗಿದೆ. ನಂದಿ ಇರೋದು ಇನ್ನೂ ಚೆನ್ನಾಗಿದೆ. ಯಾರ್ ಮಾಡ್ಸಿದ್ದು ಈ ಡಿಸೈನು?" ಅಂದರು. ಯಾರು ಮಾಡಿಸಿದ್ದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಆರ್ಡರು ಹೋಗಲಿಲ್ಲ. ಎಷ್ಟು ಸಲ ಒತ್ತಿದರೂ ತಡೆ. ನಾನು ಆ ಸಂಜೆಯೆಲ್ಲ ಕೂತು ಓದಿದ ಮೇಲೆ ಗೊತ್ತಾಯಿತು. ಪಟ್ಟಿ ನೋಡುವುದಕ್ಕೆ ನೀವು ಯಾರೆಂದು ಹೇಳಬೇಕಾಗಿಲ್ಲ. ಆರ್ಡರು ಕಳಿಸಲು ಅಂಗಡಿಯ ಹೆಸರಿನಲ್ಲಿ ಲಾಗಿನ್ ಆಗಿರಬೇಕು, ಆ ಗುರುತೂ ಜೊತೆಯಲ್ಲಿ ಹೋಗಬೇಕು. ಹಾಗೆ ತನ್ನ ಗುರುತು ಹಿಡಿದು ಹೋಗುವವನಿಗೆ ನಕ್ಷತ್ರ ನಡೆಯುವುದಿಲ್ಲ. ಸರ್ವರು ಅವನ ವಿಳಾಸವನ್ನೇ ಪೂರ್ತಿ ಬರೆದು, ಇವನು ಬರಬಹುದು, ಇವನ ಗುರುತಿಗೂ ನಮ್ಮ ಒಪ್ಪಿಗೆ ಇದೆ ಅಂತ ಹೇಳಬೇಕು.

ಮರುದಿನ ಇದನ್ನು ಅಪ್ಪನಿಗೆ ಹೇಳಿದ್ದೇ ತಪ್ಪಾಯಿತು.

"ಏನಂದೆ? ಇನ್ನೊಂದ್ಸಲ ಹೇಳು."

"ಎಲ್ಲರೂ ಬನ್ನಿ ಅಂತ ಬರೆದಿದ್ರೆ ಬ್ರೌಸರ್ ಒಪ್ಪಲ್ಲ ಅಪ್ಪ. ನಿಮ್ಮ ಅಂಗಡಿ ವಿಳಾಸನೇ ಬರೀಬೇಕು."

"ನೋಡ್ದಾ! ಮೆಷಿನ್ನಿಗಿರೋ ಬುದ್ಧಿ!" ಅಪ್ಪ ಕುರ್ಚಿಯಿಂದ ಎದ್ದೇ ಬಿಟ್ಟರು. ಆಗ ಅಂಗಡಿಯಲ್ಲಿದ್ದ ಗಿರಾಕಿಗಳ ಕಡೆ ತಿರುಗಿ, "ಕೇಳಿದ್ರಾ? ಕಂಪ್ಯೂಟ್ರೇ ಹೇಳ್ತಾ ಇದೆ. ಹೆಸರು ಹಿಡಿದು ಕರೀದಿದ್ರೆ ಕರೆದಂಗಲ್ಲ" ಅಂದರು. ಅವರು ಗೃಹಪ್ರವೇಶದ ಕಾರ್ಡಿಗೆ ಬಂದ ಗಂಡ ಹೆಂಡತಿ. ಏನೂ ಅರ್ಥವಾಗದೆ ತಲೆಯಾಡಿಸಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ತಂಗಿ ಊಟ ಬಿಟ್ಟು ಕೂತಿದ್ದಾಳೆ, ಇವರಿಗೆ ಗೆದ್ದ ಸಂತೋಷ. "ಹಂಗಾದ್ರೆ ಲಾಸ್ಯನ ಮದ್ವೆಗೆ ದೊಡ್ಡಪ್ಪನ್ನ ನೀವು ಹೆಸರು ಹಿಡಿದು ಕರೆದ್ರಾ?" ಅಂತ ಗಿರಾಕಿಗಳ ಮುಂದೆಯೇ ಕೇಳಿದೆ. ಅಪ್ಪ ಮತ್ತೆ ಕುರ್ಚಿಯಲ್ಲಿ ಕೂತರು. ನಾನು ಸ್ಕೂಟಿ ತೆಗೆದು ನೇರ ಕಡಕೊಳಕ್ಕೆ ಹೊರಟೆ.

ದೊಡ್ಡಪ್ಪ ಮೇಜಿನ ಮುಂದೆ ಇದ್ದರು. ಮೆಷಿನ್ನಿನ ಸದ್ದು, ಮಸಿಯ ವಾಸನೆ, ಅವರ ಹಣೆಯ ಮೇಲೆ ಮೂರು ಪಟ್ಟೆ ವಿಭೂತಿ. "ಬಾರಮ್ಮ ಪ್ರೇಮಾ" ಅಂದವರು ಸ್ಟೂಲು ಎಳೆದು ಕೊಟ್ಟರು. ಹಿಂದಿನ ರಾತ್ರಿ ನಾನು ಫೋನಿನಲ್ಲಿ ಹೇಳಿದ್ದ ಹೊಸ ಸಾಲನ್ನು ಗುರುಕಿರಣ ಆಗಲೇ ಪ್ರಿಂಟು ತೆಗೆದು ಮುಂದೆ ಇಟ್ಟಿದ್ದ. ಅದರ ಮೇಲೆ ಸಹಿ ಇರಲಿಲ್ಲ.

"ಎಲ್ರಿಗೂ ಅಂತ ನಿನ್ನೆ ಸಹಿ ಹಾಕಿದ್ನಲ್ಲಮ್ಮ" ಅಂದರು. "ಎಲ್ರಲ್ಲಿ ಅವನು ಬರಲ್ವಾ? ಅವನಿಗೇ ಅಂತ ಬೇರೆ ಬರೀಬೇಕಾ?"

"ಬರೀಬೇಕು ದೊಡ್ಡಪ್ಪ. ದಾರೀಲಿ ಹೋಗೋನಿಗೆ ಎಲ್ಲರೂ ಅಂದ್ರೆ ಸಾಕು. ಇವರು ದಾರೀಲಿ ಹೋಗೋರಲ್ಲ. ನಾನು ಇಂಥವನು, ನಿಮ್ಮ ಕಡೆಯವನು ಅಂತ ಗುರುತು ಹಿಡ್ಕೊಂಡು ಬರ್ತಾರೆ. ಅಂಥವರಿಗೆ ನೀವು ಅವರ ಹೆಸರೇ ಹೇಳ್ಬೇಕು. ಇಲ್ದಿದ್ರೆ ಬಾಗಿಲು ತೆಗೆದಿದ್ರೂ ತೆಗೆದಂಗಲ್ಲ."

ಅವರು ಆ ಕಾಗದ ಕೈಗೆತ್ತಿಕೊಂಡರು. ಆಮೇಲೆ ಪದ್ಧತಿಯಂತೆ ಬೆರಳಿಟ್ಟು ಅಂಗಡಿಯ ವಿಳಾಸವನ್ನು ಗಟ್ಟಿಯಾಗಿ ಓದಿದರು. ಅದರಲ್ಲಿ 'ಏಕಾಂತಯ್ಯ' ಅಂತ ಇತ್ತು. ಆ ಹೆಸರು ಅವರ ಬಾಯಲ್ಲಿ ಕೇಳಿ ಎಷ್ಟೋ ಕಾಲವಾಗಿತ್ತು. ಸಹಿ ಹಾಕಿ ಕಾಗದವನ್ನು ಮಗನ ಕಡೆ ತಳ್ಳಿದರು. ಗುರುಕಿರಣ ಸಾಲು ಬದಲಾಯಿಸಿ, ಸರ್ವರನ್ನು ನಿಲ್ಲಿಸಿ ಮತ್ತೆ ಶುರುಮಾಡಿದ. ಅಷ್ಟೇ ಕೆಲಸ.

ನನಗೆ ಧೈರ್ಯ ಬಂದುಬಿಟ್ಟಿತು. "ದೊಡ್ಡಪ್ಪ, ಅಪ್ಪ ಬಂದು ಕರೆದ್ರೆ ಲಾಸ್ಯನ ಮದ್ವೆಗೆ ಬರ್ತೀರಲ್ಲ?" ಅಂದೆ.

"ಬರಲ್ಲ" ಅಂದರು.

"ಯಾಕೆ ದೊಡ್ಡಪ್ಪ?"

"ಕರೆದ್ರೆ ನಾನು ನೆಂಟ ಆಗ್ಬುಡ್ತೀನಿ ಕಣಮ್ಮ. ಆ ಮಗೂನ ಈ ಮೇಜಿನ ಮೇಲೆ ಕೂರಿಸಿ ಅಕ್ಷರ ಕಲಿಸಿದೋನು ನಾನು. ನೆಂಟನ ಥರ ಹೋಗಿ, ಉಡುಗೊರೆ ಕೊಟ್ಟು, ಊಟ ಮಾಡ್ಕೊಂಡು ಬರ್ಲಾ? ಅದು ನನ್ನ ಕೈಲಾಗಲ್ಲ." ಮುಖ ಮರೆಸಿಕೊಳ್ಳಲು ಇನ್ನೊಂದು ಪ್ರೂಫು ಎಳೆದುಕೊಂಡರು.

ವಾಪಸು ಬರುವಾಗ ದಾರಿಯುದ್ದಕ್ಕೂ ಅತ್ತೆ. ಕರೆಯದಿದ್ದರೆ ಒಬ್ಬರು ಬರುವುದಿಲ್ಲ, ಕರೆದರೆ ಇನ್ನೊಬ್ಬರು ಬರುವುದಿಲ್ಲ. ಯಾವ ಸರ್ವರಿಗೂ ಇಂಥ ಸೆಟ್ಟಿಂಗು ಇರಲಾರದು.

ಅಂಗಡಿಗೆ ಬಂದಾಗ ಅಪ್ಪ ಒಬ್ಬರೇ ಇದ್ದರು. ದೊಡ್ಡಪ್ಪ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಅವರು ಕೇಳಿಸಿಕೊಂಡು, "ಅಣ್ಣ ಹಂಗಂದ್ನಾ?" ಅಂದರು. ಮೂರು ವರ್ಷದಿಂದ ಅನ್ನುತ್ತಿದ್ದ ಹಾಗೆ ಕಡಕೊಳದವರು ಅನ್ನಲಿಲ್ಲ, ಅಣ್ಣ ಅಂದರು. ಆಮೇಲೆ ಕುರ್ಚಿಯನ್ನು ಕಂಪ್ಯೂಟರಿನ ಕಡೆ ತಿರುಗಿಸಿಕೊಂಡರು.

"ಆರ್ಡರ್ ಹೋಗುತ್ತಾ ಈಗ?" ಅಂತ ಕೇಳಿದರು.

"ಒಂದು ಕಳಿಸಿ ನೋಡ್ಬೇಕು."

"ಲಾಸ್ಯಂದೇ ಕಳಿಸೋಣ. ನಾನೇ ಟೈಪ್ ಮಾಡ್ತೀನಿ, ನೀನು ಹೋಗಿ ಅಮ್ಮನ ಹತ್ರ ಊಟ ಮಾಡು."

ಅಪ್ಪ ಎರಡೇ ಬೆರಳಲ್ಲಿ ಟೈಪು ಮಾಡುವವರು. ನಾನು ಮೇಲೆ ಹೋಗಿ ಊಟ ಮುಗಿಸಿ, ಅಮ್ಮನ ಜೊತೆ ಹರಟಿ ಕೆಳಗೆ ಬಂದರೂ ಅವರ ಬೆರಳು ಓಡಾಡುತ್ತಲೇ ಇತ್ತು. ನನ್ನನ್ನು ಕಂಡು ಪರದೆಗೆ ಅಡ್ಡ ಕೂತರು. ಮೌಸು ಒತ್ತಿದ ಮೇಲೆ 'ಆರ್ಡರು ಸ್ವೀಕರಿಸಲಾಗಿದೆ' ಅಂತ ಹಸಿರು ಅಕ್ಷರ ಬಂತು. ಕಡಕೊಳ ಅಪ್ಪನ ಮಾತು ಕೇಳಿಸಿಕೊಂಡಿತು, ನಡುವೆ ನಾನಿಲ್ಲದೆ. ನಿಜ ಹೇಳಬೇಕೆಂದರೆ ಆ ಹಸಿರು ಸಾಲು ನೋಡಿ ನನಗೆ ಹೆಮ್ಮೆಯಾಯಿತು.

ಮರುದಿನ ಬೆಳಿಗ್ಗೆ ಗುರುಕಿರಣ ಫೋನ್ ಮಾಡಿದ. "ಅಕ್ಕ, ಚಿಕ್ಕಪ್ಪ ಏನ್ ಕಳಿಸಿದಾರೆ ನೋಡಿದ್ರಾ?"

"ಲಾಸ್ಯನ ಕಾರ್ಡು. ಯಾಕೆ, ತಪ್ಪಿದ್ಯಾ?"

"ಕೆಳಗಡೆ, ಸುಖಾಗಮನ ಬಯಸುವವರು ಅಂತ ಇರುತ್ತಲ್ಲ. ಅಲ್ಲಿ ಅಪ್ಪನ ಹೆಸರಿದೆ. ಶ್ರೀಮತಿ ಚಂದ್ರಮತಿ ಮತ್ತು ಶ್ರೀ ಶಿವಮಲ್ಲಪ್ಪ. ಚಿಕ್ಕಪ್ಪ ತಮ್ಮ ಹೆಸರು ಹಾಕ್ಕೊಂಡೇ ಇಲ್ಲ, ಮೇಲೆ ವಧುವಿನ ತಂದೆ ಅಂತ ಬಂದಿರೋದು ಅಷ್ಟೆ."

ಅಪ್ಪ ಅಣ್ಣನನ್ನು ಮದುವೆಗೆ ಕರೆದಿರಲಿಲ್ಲ. ಕರೆಯುವವರನ್ನಾಗಿ ಮಾಡಿದ್ದರು.

"ದೊಡ್ಡಪ್ಪ ಏನಂದ್ರು?"

"ಪ್ರೂಫ್ ಹಿಡ್ಕೊಂಡು ಕೂತಿದ್ದಾರೆ. ಸಹಿ ಹಾಕ್ತಿಲ್ಲ. ಪೂರ್ತಿ ಓದೋದು, ತಮ್ಮ ಹೆಸರು ಬಂದಾಗ ನಿಲ್ಲಿಸೋದು, ಮತ್ತೆ ಮೊದಲಿಂದ ಶುರು. ಇವತ್ತು ಬೇರೆ ಯಾವ ಪ್ರೂಫೂ ನೋಡಿಲ್ಲ."

ಆ ವಾರವೆಲ್ಲ ಸಹಿಯಾಗಲಿಲ್ಲ. ಅಪ್ಪ ಪ್ರತಿ ಸಲ ವ್ಯಾನು ಬಂದಾಗ ಅಂಗಡಿಯಿಂದ ಹೊರಗೆ ಬಂದು ಬಂಡಲುಗಳನ್ನು ತಾವೇ ಇಳಿಸಿಕೊಂಡು ನೋಡುತ್ತಿದ್ದರು. ಲಾಸ್ಯಳ ಕಾರ್ಡು ಅದರಲ್ಲಿ ಇರುತ್ತಿರಲಿಲ್ಲ. ಲಾಸ್ಯಳಿಗೆ ನಾನು ವಿಷಯ ಹೇಳಿದ್ದೆ. ಅವಳು ಪೂಜೆ ಮುಗಿಸಿ ಇನ್ನಷ್ಟು ಹೊತ್ತು ದೇವರ ಮುಂದೆ ಕೂರಲು ಶುರುಮಾಡಿದಳು. ನನಗಂತೂ ಮತ್ತೆ ಕಡಕೊಳಕ್ಕೆ ಹೋಗಿ ಆ ಪೆನ್ನನ್ನು ದೊಡ್ಡಪ್ಪನ ಕೈಯಲ್ಲಿ ತುರುಕಿ ಬರಬೇಕು ಅನ್ನಿಸುತ್ತಿತ್ತು.

ಸೋಮವಾರ ಬೆಳಿಗ್ಗೆ ನಾನು ಅಮ್ಮನ ಮನೆಯಲ್ಲೇ ಇದ್ದೆ. ಸೀರೆ ನೋಡಲು ಹೋಗುವುದಿತ್ತು. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಕೇಳಿಸಿತು, ನಿಧಾನವಾಗಿ, ಮಧ್ಯೆ ನಿಂತು ಉಸಿರು ತೆಗೆದುಕೊಂಡು ಹತ್ತುವವರದು. ಬಾಗಿಲು ತೆಗೆದಿತ್ತು. ಹೊಸ್ತಿಲಾಚೆ ಜರಿ ಅಂಚಿನ ಪಂಚೆ ಉಟ್ಟ ದೊಡ್ಡಪ್ಪ, ಅವರ ಪಕ್ಕದಲ್ಲಿ ರೇಷ್ಮೆ ಸೀರೆಯ ದೊಡ್ಡಮ್ಮ. ದೊಡ್ಡಮ್ಮನ ಕೈಯಲ್ಲಿ ಅರಿಶಿನ ಕುಂಕುಮದ ಬೆಳ್ಳಿ ಬಟ್ಟಲು.

ಅಪ್ಪ ಬನಿಯನ್ನಿನಲ್ಲೇ ಇದ್ದರು. ಮೂರು ವರ್ಷದ ಹಿಂದೆ ದಿನವೂ ಒಗೆದ ಅಂಗಿ ಹಾಕಿಕೊಂಡು ಕಾದ ಮನುಷ್ಯ, ಬರುವ ಹೊತ್ತಿಗೆ ಬನಿಯನ್ನಿನಲ್ಲಿ ಸಿಕ್ಕಿಬಿದ್ದರು.

"ಒಳಗ್ ಬಾ ಅಣ್ಣ" ಅಂದರು, ಅಷ್ಟೇ ಹೊರಟಿತು.

"ಇರು. ಬಂದ ಕೆಲಸ ಮೊದ್ಲು." ದೊಡ್ಡಪ್ಪ ಹೊಸ್ತಿಲು ದಾಟಲಿಲ್ಲ. ಕೈ ಜೋಡಿಸಿದರು. "ಏಕಾಂತಯ್ಯನವರೇ, ನಮ್ಮನೆ ಮಗು ಲಾಸ್ಯನ ಮದ್ವೆ ಇಟ್ಕೊಂಡಿದ್ದೀವಿ, ಕಾರ್ತಿಕದಲ್ಲಿ. ಮೊದಲ್ನೇ ಮನೆ ನಿಮ್ದೇ. ತಾವು, ಭಾಗ್ಯಮ್ಮನವರು, ಮಕ್ಕಳು, ಎಲ್ರೂ ನಾಕು ದಿನ ಮುಂಚೆನೇ ಬಂದು ನಡೆಸಿಕೊಡ್ಬೇಕು."

ಹೆತ್ತ ತಂದೆಯನ್ನು ಅವನ ಮಗಳ ಮದುವೆಗೇ ಕರೆಯುತ್ತಿದ್ದರು. ಯಾರೂ ನಗಲಿಲ್ಲ. ದೊಡ್ಡಮ್ಮ ಮುಂದೆ ಬಂದು ಅಮ್ಮನ ಹಣೆಗೆ ಕುಂಕುಮ ಇಟ್ಟರು, ಇಡುತ್ತಲೇ ಇಬ್ಬರೂ ಅಳಲು ಶುರುಮಾಡಿದರು. ಲಾಸ್ಯ ಅಡುಗೆಮನೆ ಬಾಗಿಲಲ್ಲಿ ದೋಸೆ ಮಗುಚುವ ಸಟ್ಟುಗ ಹಿಡಿದು ನಿಂತೇ ಇದ್ದಳು.

"ಬರ್ತೀನಣ್ಣ" ಅಂದರು ಅಪ್ಪ. ಕಣ್ಣೀರು ಗಲ್ಲದ ಮೇಲೆ ಇಳಿದಿತ್ತು, ಒರೆಸಿಕೊಳ್ಳಲಿಲ್ಲ. "ಖಂಡಿತ ಬರ್ತೀನಿ."

ಆಗ ದೊಡ್ಡಪ್ಪ ಹೊಸ್ತಿಲು ದಾಟಿ ಒಳಗೆ ಬಂದು ತಮ್ಮನ ಹೆಗಲ ಮೇಲೆ ಕೈ ಹಾಕಿದರು. "ಕಾರ್ಡು ಇನ್ನೂ ಪ್ರಿಂಟ್ ಆಗಿಲ್ಲ ಕಣೋ. ಒಬ್ರನ್ನೂ ಕರೀದೇ ಸುಖಾಗಮನ ಬಯಸುವವರು ಅಂತ ಹೆಂಗೆ ಸಹಿ ಹಾಕ್ಲಿ? ಅಚ್ಚಾಗಿದ್ದು ಸುಳ್ಳಾಗ್ಬಾರ್ದಲ್ಲ. ಇವತ್ತು ಹೋಗಿ ಹಾಕ್ತೀನಿ. ಬರಿಗೈಲಿ ಬಂದ್ಬುಟ್ಟೆ, ಬೇಜಾರು ಮಾಡ್ಕೋಬೇಡ."

ಲಷ್ಕರ್ ಮೊಹಲ್ಲಾದಲ್ಲಿ ಜೀವಮಾನವೆಲ್ಲ ಕಾರ್ಡು ಮಾರಿದ ನಮ್ಮಪ್ಪ ಅಣ್ಣನ ಆ ಕೈ ಹಿಡಿದುಕೊಂಡು, "ಕಾರ್ಡು ಯಾರಿಗೆ ಬೇಕು ಬುಡಣ್ಣ" ಅಂದರು.